ಚಿಲಿಕಾಕ್ಕೆ ಲಕ್ಷ, ನಮ್ಮ ಅಳಿವೆಗೆ ನೂರು: ಹಕ್ಕಿಗಳ ಲೆಕ್ಕಾಚಾರ ಏನು?

ಪ್ರಶ್ನೆ: ಜನವರಿಯಲ್ಲಿ ಪುರಿ ಯಾತ್ರೆಗೆ ಹೋದವರು ಚಿಲಿಕಾ ಸರೋವರವನ್ನೂ ನೋಡಿ ಬಂದೆವು. ಕಣ್ಣು ಹಾಯುವಷ್ಟು ದೂರಕ್ಕೂ ಬಾತುಗಳು. ದೋಣಿಯವನು "ಎಲ್ಲ ಸೈಬೀರಿಯಾದಿಂದ ಬಂದದ್ದು" ಎಂದ. ನೀರು ಬಾಯಿಗಿಟ್ಟರೆ ಬರೀ ಉಪ್ಪು. ಕುಡಿಯಲಿಕ್ಕಾಗದ ನೀರನ್ನು ಹುಡುಕಿಕೊಂಡು ಅಷ್ಟು ದೂರದಿಂದ ಯಾಕೆ ಬರುತ್ತವೆ? ನಮ್ಮಲ್ಲಿ ಕಡಲಿದೆ, ಹೊಳೆ ಇದೆ, ಹಸಿರಂತೂ ಬೇಕಾದಷ್ಟಿದೆ. ಇಲ್ಲಿಗೆ ಯಾಕೆ ಬರುವುದಿಲ್ಲ? ಏಳನೇ ಕ್ಲಾಸಿನ ಮಗಳದ್ದು ಇನ್ನೊಂದು ಪ್ರಶ್ನೆ: ಹಕ್ಕಿಗಳು ಉಪ್ಪು ನೀರು ಕುಡಿಯುತ್ತವಾ?
— ಓದುಗರು, ಬ್ರಹ್ಮಾವರ

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕುಡಿಯುತ್ತವೆ ಎಂದು ಹೇಳಿ. ಎಲ್ಲ ಹಕ್ಕಿಗಳೂ ಅಲ್ಲ, ಕಡಲ ಬದಿಯಲ್ಲಿ ಬದುಕುವ ಹೆಚ್ಚಿನವು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ನಾವು ಕುಡಿದೆವು ಎಂದಿಟ್ಟುಕೊಳ್ಳಿ. ಆ ಉಪ್ಪನ್ನು ಹೊರಗೆ ಹಾಕಲು ನಮ್ಮ ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಹಾಗಾಗಿ ಕುಡಿದಷ್ಟೂ ಬಾಯಾರಿಕೆ. ಹಕ್ಕಿಯ ಮೂತ್ರಪಿಂಡ ಈ ಕೆಲಸದಲ್ಲಿ ನಮ್ಮದಕ್ಕಿಂತಲೂ ಹಿಂದೆ. ಆದರೆ ಅದಕ್ಕೆ ಬೇರೆ ಏರ್ಪಾಡಿದೆ. ಕಣ್ಣಿನ ಮೇಲೆ, ನಮಗೆ ಹುಬ್ಬಿರುವ ಜಾಗದಲ್ಲಿ, ಎರಡು ಉಪ್ಪಿನ ಗ್ರಂಥಿಗಳಿವೆ. ಅವು ರಕ್ತದಲ್ಲಿರುವ ಉಪ್ಪನ್ನು ಸೆಳೆದು, ಸಮುದ್ರದ ನೀರಿಗಿಂತಲೂ ಗಡುಸಾದ ಉಪ್ಪುನೀರನ್ನಾಗಿ ಮಾಡಿ ಮೂಗಿನ ಹೊಳ್ಳೆಯಿಂದ ಹೊರಬಿಡುತ್ತವೆ. ಡಿಸೆಂಬರಿನಲ್ಲಿ ಮಲ್ಪೆಯ ದಕ್ಕೆಗೆ ಹೋಗಿ. ಬೋಟಿನ ಅಂಚಿನಲ್ಲಿ ಕೂತ ಕಡಲಕಾಗೆ, ಅಂದರೆ ನಾವೆಲ್ಲ ಸೀಗಲ್ ಎನ್ನುವ ಹಕ್ಕಿ, ಅದರ ಕೊಕ್ಕಿನ ತುದಿಯನ್ನು ಸ್ವಲ್ಪ ಹೊತ್ತು ನೋಡಿ. ನೆಗಡಿಯಾದ ಮಗುವಿನ ಮೂಗಿನ ಹಾಗೆ ಒಂದು ಹನಿ ತೂಗುತ್ತಿರುತ್ತದೆ. ತಲೆ ಕೊಡವಿ ಅದನ್ನು ಬೀಳಿಸುತ್ತದೆ, ಇನ್ನೊಂದು ಬರುತ್ತದೆ. ಬಾತುಗಳಲ್ಲಿ ಈ ಗ್ರಂಥಿ ಸಿಹಿನೀರಿನಲ್ಲಿದ್ದಾಗ ಸಣ್ಣದಿದ್ದು, ಉಪ್ಪುನೀರಿಗೆ ಬಂದ ಮೇಲೆ ಬೆಳೆಯುತ್ತದೆ. ಆದರೆ ಇದೇನೂ ಪುಕ್ಕಟೆಯಲ್ಲ. ಉಪ್ಪು ಹೊರಹಾಕಲು ಶಕ್ತಿ ಖರ್ಚಾಗುತ್ತದೆ. ಹತ್ತಿರದಲ್ಲಿ ಸಿಹಿನೀರಿದ್ದರೆ ಹಕ್ಕಿಯೂ ಅದನ್ನೇ ಕುಡಿಯುತ್ತದೆ.

ಈಗ ನಿಮ್ಮ ಪ್ರಶ್ನೆ. ಕುಡಿಯಲಿಕ್ಕಾಗದ ನೀರಿಗೆ ಯಾಕೆ ಬರುತ್ತವೆ ಎಂದಿರಿ. ಚಿಲಿಕಾದಲ್ಲಿ ದೋಣಿಯಲ್ಲಿ ಕೂತಾಗ ನಿಮಗೆ ಕಂಡದ್ದು ನೀರು. ಹಕ್ಕಿಗೆ ಬೇಕಾದದ್ದು ಆ ನೀರಿನ ಅಡಿಯಲ್ಲಿ ಮತ್ತು ಅಂಚಿನಲ್ಲಿದೆ.

ಆ ಸರೋವರ ಹೇಗೆ ಆಯಿತು ಎಂಬುದನ್ನು ನಮ್ಮ ಕರಾವಳಿಯವರಿಗೆ ವಿವರಿಸುವುದು ಘಟ್ಟದ ಮೇಲಿನವರಿಗೆ ವಿವರಿಸುವುದಕ್ಕಿಂತ ಸುಲಭ, ಯಾಕೆಂದರೆ ನಮ್ಮಲ್ಲಿ ಅದಕ್ಕೆ ಮಾತೇ ಇದೆ: ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳಿನ ನಾಲಿಗೆ. ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯ ಕೋಡಿ ಬೆಂಗ್ರೆ ಅದೇ, ಮಂಗಳೂರಿನ ತೋಟ ಬೆಂಗ್ರೆ ಅದೇ, ಉದ್ಯಾವರ ಹೊಳೆಗೂ ಕಡಲಿಗೂ ನಡುವಿನ ಮಟ್ಟು-ಪಡುಕೆರೆಯ ಪಟ್ಟಿಯೂ ಅದೇ. ಆ ಬೆಂಗ್ರೆಯನ್ನು ಸುಮಾರು 60 ಕಿ.ಮೀ. ಉದ್ದಕ್ಕೆ ಎಳೆಯಿರಿ. ಹಿಂದಿನ ಹೊಳೆಯ ಬದಲು ಮಹಾನದಿಯ ಕವಲುಗಳು, ಅಂದರೆ ದಯಾ, ಭಾರ್ಗವಿಯಂಥ ನದಿಗಳು, ಬಂದು ಬೀಳುವ ಒಂದು ದೊಡ್ಡ ತಗ್ಗನ್ನು ಇಡಿ. ಅದೇ ಚಿಲಿಕಾ. ಮಳೆಗಾಲದಲ್ಲಿ ಅದರ ಹರವು ಸುಮಾರು 1165 ಚದರ ಕಿ.ಮೀ.; ಉಡುಪಿ ಜಿಲ್ಲೆಯ ಕಾಲು ಭಾಗಕ್ಕಿಂತ ಹೆಚ್ಚಾಯಿತು. ಇಷ್ಟು ದೊಡ್ಡದಿದ್ದರೂ ಆಳ ಮಾತ್ರ ಹೆಚ್ಚಿನ ಕಡೆ ಎರಡು ಮೀಟರಿನ ಆಸುಪಾಸು. ನಮ್ಮ ಮನೆಯ ಬಾವಿಗಳು ಅದಕ್ಕಿಂತ ಎಷ್ಟೋ ಆಳ.

ಬೇಸಿಗೆಯಲ್ಲಿ ಅದೇ ಚಿಲಿಕಾ ಸುಮಾರು 900 ಚದರ ಕಿ.ಮೀ.ಗೆ ಇಳಿಯುತ್ತದೆ. ಲೆಕ್ಕ ಹಾಕಿ. ಸುಮಾರು 260 ಚದರ ಕಿ.ಮೀ. ಜಾಗ ಮಳೆಗಾಲದಲ್ಲಿ ಮುಳುಗಿ ಬೇಸಿಗೆಗೆ ಏಳುತ್ತದೆ. ಅದೂ ಒಂದೇ ದಿನ ಅಲ್ಲ. ಮಳೆ ನಿಂತ ಮೇಲೆ ದಿನಕ್ಕೆ ಇಷ್ಟಿಷ್ಟೇ ನೀರು ಹಿಂದೆ ಸರಿಯುತ್ತದೆ, ಇಷ್ಟಿಷ್ಟೇ ಹೊಸ ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳ ಪಾಲಿಗೆ ಇದು ಆರು ತಿಂಗಳು ನಡೆಯುವ ಊಟದ ಪಂಕ್ತಿ. ಎಲೆ ತೆಗೆದ ಕಡೆ ಮುಗಿಯಿತು, ಮುಂದಿನ ಸಾಲಿನಲ್ಲಿ ಹೊಸ ಎಲೆ ಹಾಕಿಯಾಗಿದೆ. ನೀವು ದೋಣಿಯಲ್ಲಿ ದೂರದಿಂದ ನೋಡಿರಬಹುದಾದ ನಲಬನ ದ್ವೀಪ ಮಳೆಗಾಲದಲ್ಲಿ ಪೂರ್ತಿ ಮುಳುಗಿಯೇ ಹೋಗುತ್ತದೆ. ನಲ ಎಂದರೆ ಜೊಂಡು. ಬನ ನಮ್ಮ ನಾಗಬನದ ಬನವೇ. ಚಳಿಗಾಲಕ್ಕೆ ಅದು ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಹಕ್ಕಿಗಳೂ ಬಂದು ಇಳಿದಿರುತ್ತವೆ. ಈಚಿನ ವರ್ಷಗಳ ಗಣತಿಯಲ್ಲಿ ಆ 15 ಚದರ ಕಿ.ಮೀ. ಚಿಲ್ಲರೆ ಜಾಗದಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಸಿಕ್ಕಿವೆ.

ಆ ಕೆಸರಿನಲ್ಲಿ ಅಂಥದ್ದೇನಿದೆ? ಇಲ್ಲಿ ಉಪ್ಪಿನ ಪಾತ್ರ ಬರುತ್ತದೆ. ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಯ ಕಣಗಳು ತೇಲುತ್ತಿರುತ್ತವೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ, ಹಾಗಾಗಿ ತಳಕ್ಕಿಳಿಯುವುದಿಲ್ಲ. ಉಪ್ಪುನೀರು ತಾಗಿದ ಕೂಡಲೇ, ಕಾದ ಹಾಲಿಗೆ ಲಿಂಬೆ ಹಿಂಡಿದಂತೆ, ಮುದ್ದೆಗಟ್ಟಿ ಕೆಳಗೆ ಕೂರುತ್ತವೆ. ಘಟ್ಟದಿಂದ, ಗದ್ದೆಯಿಂದ, ಊರಿನಿಂದ ಹೊಳೆ ಹೊತ್ತು ತಂದ ಕೊಳೆತ ಎಲೆ, ಗೊಬ್ಬರ, ಸತ್ವವೆಲ್ಲ ಅದರ ಜೊತೆಗೇ ಕೂರುತ್ತದೆ. ಉಪ್ಪು ಇರುವುದರಿಂದ ಅಂತರಗಂಗೆಯಂಥ ಸಿಹಿನೀರಿನ ಕಳೆ ಬಂದು ಮುಚ್ಚಿಬಿಡುವುದೂ ಇಲ್ಲ. ಒಮ್ಮೆ ಸಿಹಿ ಒಮ್ಮೆ ಉಪ್ಪು ಆಗುವ ಇಂಥ ನೀರನ್ನು ತಾಳಿಕೊಳ್ಳುವ ಜೀವಿಗಳ ಬಗೆ ಕಡಿಮೆ. ಆದರೆ ತಾಳಿಕೊಂಡವುಗಳಿಗೆ ಪೈಪೋಟಿ ಇಲ್ಲದ ಕಾರಣ ಅವುಗಳ ಸಂಖ್ಯೆಗೆ ಲೆಕ್ಕವಿಲ್ಲ.

ಇದನ್ನು ನೋಡಲು ಒಡಿಶಾಕ್ಕೆ ಹೋಗಬೇಕಾಗಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಕೆಮ್ಮಣ್ಣಿನ ಕಡೆಯ ಹೊಳೆಬದಿಗೆ ಕರೆದುಕೊಂಡು ಹೋಗುತ್ತಿದ್ದೆ. ಉಪಕರಣ ಎಂದರೆ ಚಹಾ ಸೋಸುವ ಒಂದು ಜರಡಿ ಮತ್ತು ಒಂದು ಬಿಳಿ ಬಟ್ಟಲು. ಇಳಿತದ ಹೊತ್ತಿಗೆ ಕೆಸರಿನಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆಯುವುದು, ಜರಡಿಯಲ್ಲಿಟ್ಟು ಹೊಳೆಯಲ್ಲೇ ಅಲುಗಿಸಿ ತೊಳೆಯುವುದು, ಉಳಿದದ್ದನ್ನು ಬಟ್ಟಲಿಗೆ ಸುರಿಯುವುದು. ಮೊದಲು ಕಸ ಎಂದೇ ಕಾಣುತ್ತದೆ. ಒಂದು ನಿಮಿಷ ಸುಮ್ಮನೆ ಕೂತರೆ ಕಸ ಅಲುಗಾಡಲು ಶುರುವಾಗುತ್ತದೆ. ಕೆಂಪು ದಾರದ ತುಂಡಿನಂಥ ಹುಳ, ಸಾಸಿವೆ ಕಾಳಿನಷ್ಟು ಬಸವನಹುಳು, ಉಗುರಿನ ತುದಿಯಷ್ಟು ಮರುವಾಯಿ ಮರಿ, ಕಣ್ಣು ಮಾತ್ರ ಕಾಣುವ ಗಾಜಿನಂಥ ಸಿಗಡಿ. ಹೆಣ್ಣುಮಕ್ಕಳಲ್ಲಿ ಕೆಲವರು ಕಿರುಚುತ್ತಿದ್ದರು; ಗಂಡುಮಕ್ಕಳು ಕಿರುಚಲು ಮನಸ್ಸಿದ್ದರೂ ತಡೆದುಕೊಳ್ಳುತ್ತಿದ್ದರು. ಒಂದು ಹಿಡಿಯಲ್ಲಿ ಇಷ್ಟಿದ್ದರೆ ನೂರಾರು ಚದರ ಕಿಲೋಮೀಟರಿನಲ್ಲಿ ಎಷ್ಟು ಎಂಬ ಲೆಕ್ಕವನ್ನು ನಾನು ಹೇಳಿಕೊಡಬೇಕಾಗುತ್ತಿರಲಿಲ್ಲ.

ಕೆಸರಿನ ಈ ಊಟವನ್ನು ಹಕ್ಕಿಗಳು ಜಗಳವಿಲ್ಲದೆ ಹಂಚಿಕೊಳ್ಳುವುದು ಕೊಕ್ಕಿನ ಉದ್ದದಿಂದ. ಪ್ಲೋವರ್ ಜಾತಿಯ ಸಣ್ಣ ಹಕ್ಕಿಗೆ ಕೊಕ್ಕು ಮೋಟು, ಕಣ್ಣು ದೊಡ್ಡದು. ಅದು ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಮೇಲ್ಮೈಯಲ್ಲಿ ಅಲುಗಿದ್ದನ್ನು ಕುಟುಕುತ್ತದೆ. ಉದ್ದ ಕೊಕ್ಕಿನ ಗಾಡ್ವಿಟ್‌ಗೆ ಕಣ್ಣಿನ ಹಂಗಿಲ್ಲ. ಅದರ ಕೊಕ್ಕಿನ ತುದಿಯಲ್ಲಿ ನಮ್ಮ ಬೆರಳ ತುದಿಯಂತೆ ಸ್ಪರ್ಶ ತಿಳಿಯುವ ನರಗಳಿವೆ. ಕೆಸರಿನೊಳಗೆ ಹುಳ ತಾಗಿದರೆ ಕೊಕ್ಕನ್ನು ಪೂರ್ತಿ ತೆರೆಯದೆ ತುದಿಯನ್ನಷ್ಟೇ ಚಿಮಟದ ಹಾಗೆ ತೆರೆದು ಹಿಡಿಯುತ್ತದೆ. ರಾತ್ರಿಯಲ್ಲೂ ಉಣ್ಣಬಲ್ಲದು. ರಾಜಹಂಸದ್ದು, ಅಂದರೆ ಫ್ಲೆಮಿಂಗೊದ್ದು, ಇನ್ನೊಂದೇ ವಿಧಾನ. ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಿಗಿಳಿಸಿ, ನಾಲಿಗೆಯಿಂದ ನೀರು ಎಳೆದು ತಳ್ಳುತ್ತ ಕೊಕ್ಕಿನ ಅಂಚಿನ ಜಾಲರಿಯಲ್ಲಿ ಸಿಗಡಿ, ಪಾಚಿಗಳನ್ನು ಸೋಸಿಕೊಳ್ಳುತ್ತದೆ. ಅದರ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಊಟದಿಂದ ಬಂದದ್ದು. ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರ, ಶ್ರೀಹರಿಕೋಟಾದ ಬೆನ್ನಿಗಿರುವುದು, ರಾಜಹಂಸಗಳಿಗೆ ಹೆಸರಾದದ್ದು. ಅದೂ ಚಿಲಿಕಾದ ಹಾಗೆಯೇ ಮರಳುದಿಬ್ಬದ ಹಿಂದಿನ ತಗ್ಗು ನೀರು.

ಇನ್ನು ಲಕ್ಷದ ಲೆಕ್ಕ. ಚಿಲಿಕಾದಲ್ಲಿ ಪ್ರತಿ ಜನವರಿ ನಡೆಯುವ ಗಣತಿಯಲ್ಲಿ ಈಚಿನ ವರ್ಷಗಳಲ್ಲಿ 10-11 ಲಕ್ಷ ಹಕ್ಕಿಗಳು ಸಿಕ್ಕಿವೆ. ಪತ್ರಿಕೆಗಳಲ್ಲಿ ಈ ಅಂಕಿಯೇ ದೊಡ್ಡದಾಗಿ ಬರುತ್ತದೆ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಆಗುತ್ತದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಆ ಲಕ್ಷಗಳಲ್ಲಿ ಯಾರಿದ್ದಾರೆ ಎಂಬುದು ಮುಖ್ಯ. ದೊಡ್ಡ ಪಾಲು ಸೂಜಿಬಾಲದ ಬಾತು, ಗ್ಯಾಡ್‌ವಾಲ್, ವಿಜನ್ ಎಂಬ ಬಾತುಗಳದ್ದು. ಇವು ಹುಳ ಹೆಕ್ಕುವವಲ್ಲ. ಅವುಗಳ ಮುಖ್ಯ ಊಟ ನೀರಿನೊಳಗಿನ ಹುಲ್ಲು, ಸೊಪ್ಪು, ಬೀಜ. ಅವಕ್ಕೆ ಬೇಕಾದದ್ದು ಅಲೆಯಿಲ್ಲದ, ಹರಿವಿಲ್ಲದ, ತಲೆ ಕೆಳಗೆ ಮಾಡಿ ಕತ್ತು ಚಾಚಿದರೆ ತಳ ಸಿಗುವಷ್ಟು ತಗ್ಗಾದ, ಸೊಪ್ಪು ಬೆಳೆದ ವಿಸ್ತಾರ ನೀರು.

ನಿಮ್ಮ ಮುಖ್ಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ನಮ್ಮ ಅಳಿವೆಗಳಲ್ಲಿ ಅಂಥ ನೀರು ಇಲ್ಲ. ಮಹಾನದಿ 850 ಕಿ.ಮೀ.ಗೂ ಹೆಚ್ಚು ದೂರ ಹರಿದು, ಸುಸ್ತಾಗಿ, ಬಯಲಿನಲ್ಲಿ ಕವಲೊಡೆದು, ತಂದದ್ದನ್ನೆಲ್ಲ ಹರಡಿ ಕಡಲು ಸೇರುತ್ತದೆ. ನಮ್ಮ ನೇತ್ರಾವತಿ ಸುಮಾರು 100 ಕಿ.ಮೀ. ಘಟ್ಟದಲ್ಲಿ ಹುಟ್ಟಿದ ಹೊಳೆ ಒಂದು ಉಸಿರಿಗೆ ಕೆಳಗಿಳಿದು ಬರುತ್ತದೆ. ಮಂಗಳೂರಿನ ವರ್ಷದ ಮಳೆ 4000 ಮಿ.ಮೀ. ಹತ್ತಿರ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ರಭಸಕ್ಕೆ ಕೆಸರಿನ ದೊಡ್ಡ ಪಾಲು ನೇರ ಕಡಲಿಗೆ ಹೋಗುತ್ತದೆ. ಬೆಂಗ್ರೆಯ ಹಿಂದೆ ಉಳಿಯುವುದು ಕಿರಿದಾದ ಪಟ್ಟಿ. ಅಲ್ಲೂ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ; ಬಾತಿಗೆ ಬೇಕಾದ ಸೊಪ್ಪು ಬೇರೂರಲು ಸಮಾಧಾನ ಸಿಗುವುದಿಲ್ಲ. ಹಾಗಾಗಿ ಕರ್ನಾಟಕಕ್ಕೆ ಬರುವ ಬಾತುಗಳು ಹೆಚ್ಚಾಗಿ ನಮ್ಮ ತಲೆಯ ಮೇಲಿನಿಂದ ದಾಟಿ ಬಯಲುಸೀಮೆಯ ಕೆರೆಗಳಿಗೆ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಕೇಳಿರಬಹುದು. ಹಿಮಾಲಯ ದಾಟುವಾಗ 7000 ಮೀಟರಿಗಿಂತ ಎತ್ತರದಲ್ಲಿ ಹಾರಿದ ದಾಖಲೆ ಇರುವ ಹಕ್ಕಿ ಅದು. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಸವಾರಿ. ರೈತರಿಗೆ ಅವುಗಳ ಮೇಲೆ ಅಷ್ಟೇನೂ ಭಕ್ತಿ ಇಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ.

ಉಳಿದರ್ಧ ಉತ್ತರ: ಇಲ್ಲಿಗೂ ಬರುತ್ತವೆ. ಲಕ್ಷಗಟ್ಟಲೆ ಅಲ್ಲ, ಬಾತುಗಳಲ್ಲ, ಅಷ್ಟೆ. ಬರುವವು ಕಡಲಕಾಗೆ, ರೀವ (ಟರ್ನ್) ಮತ್ತು ಕೆಸರು ಹೆಕ್ಕುವ ಸಣ್ಣ-ದೊಡ್ಡ ಹಕ್ಕಿಗಳು. ಹೊಳೆಬದಿಯ ಕಲ್ಲಿನ ಕಟ್ಟೆಯ ಮೇಲೆ ಒಂಟಿಯಾಗಿ ನಿಂತು ಹಿಂಭಾಗವನ್ನು ಎಡೆಬಿಡದೆ ಮೇಲೆ-ಕೆಳಗೆ ಆಡಿಸುವ ಕಂದು ಬೆನ್ನು, ಬಿಳಿ ಹೊಟ್ಟೆಯ ಸಣ್ಣ ಹಕ್ಕಿಯನ್ನು ನೀವು ನೂರು ಸಲ ನೋಡಿದ್ದೀರಿ, ಗಮನಿಸಿಲ್ಲ. ಅದು ಗದ್ದೆಗೊರವ, ವಲಸೆ ಹಕ್ಕಿ. ಆಗಸ್ಟಿನಲ್ಲೇ, ಆಟಿಯ ಮಳೆ ಇನ್ನೂ ಬಿಡದಿರುವಾಗಲೇ ಬಂದುಬಿಡುತ್ತದೆ. ಸೆಪ್ಟೆಂಬರಿಗೆ ಮನೆಯ ಅಂಗಳದಲ್ಲೂ ತೋಡಿನ ಬದಿಯಲ್ಲೂ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ, ಘಟ್ಟದ ಮೇಲಿನವರ ಕುಂಡೆಕುಸ್ಕ, ಅದೂ ಹಿಮಾಲಯದ ಕಡೆಯ ಅತಿಥಿ. ವಲಸೆ ಹಕ್ಕಿ ಎಂದರೆ ಜನವರಿಯಲ್ಲಿ ಟಿಕೆಟ್ ತೆಗೆದು ದೋಣಿಯಲ್ಲಿ ಹೋಗಿ ನೋಡುವ ವಸ್ತು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ದೋಣಿಯವನ ಸೈಬೀರಿಯಾವನ್ನೂ ಸ್ವಲ್ಪ ತಿದ್ದಬೇಕು. ಸೈಬೀರಿಯಾದಿಂದ ಬರುವವು ಇವೆ, ಸುಳ್ಳಲ್ಲ. ಆದರೆ ಮಂಗೋಲಿಯಾ, ಕಜಾಕಸ್ತಾನ, ಟಿಬೆಟ್, ಲಡಾಖ್ ಎಲ್ಲ ಕಡೆಯಿಂದಲೂ ಬರುತ್ತವೆ. ನಮ್ಮ ದೇಶದಲ್ಲಿ ಕಾಣುವ ರಾಜಹಂಸಗಳ ದೊಡ್ಡ ಹೆರಿಗೆಮನೆ ಗುಜರಾತಿನ ಕಚ್ಛದ ರಣ. ಉತ್ತರ ಧ್ರುವದ ಅಂಚಿನಿಂದ ಹಿಂದೂ ಮಹಾಸಾಗರದವರೆಗಿನ ಈ ಹಾರುದಾರಿಗೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು. 30 ದೇಶಗಳ ಮೇಲೆ ಹಾದುಹೋಗುತ್ತದೆ. ಮಲ್ಪೆಯಲ್ಲಿ ಮೀನಿನ ಬುಟ್ಟಿಗೆ ಎರಗುವ ಕಂದುತಲೆಯ ಕಡಲಕಾಗೆ (ಚಳಿಗಾಲದಲ್ಲಿ ಅದರ ತಲೆ ಬೆಳ್ಳಗಾಗಿ ಕಿವಿಯ ಬಳಿ ಒಂದು ಮಚ್ಚೆ ಮಾತ್ರ ಉಳಿದಿರುತ್ತದೆ) ಮರಿ ಮಾಡುವುದು ಲಡಾಖ್, ಟಿಬೆಟ್‌ನ ಎತ್ತರದ ಸರೋವರಗಳಲ್ಲಿ. ಅವುಗಳಲ್ಲಿ ಒಂದಾದ ಚೋ ಕರ್ ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿದೆ, ಮತ್ತು ಅದೂ ಉಪ್ಪಿನ ಸರೋವರವೇ. ನಮ್ಮ ಮರಳಿನ ಮೇಲೆ ಗುಂಪಾಗಿ ಓಡಾಡುವ, ಮರಳಿನದೇ ಬಣ್ಣದ ಮರಳು ಪ್ಲೋವರ್ ಕೂಡ ಅದೇ ಎತ್ತರದ ಊರಿನದು. ವರ್ಷದ ಅರ್ಧ 4000 ಮೀಟರಿನ ಮೇಲೆ, ಉಳಿದರ್ಧ ಅಲೆಯ ನೊರೆ ಕಾಲಿಗೆ ತಾಗುವ ಜಾಗದಲ್ಲಿ.

ಯಾಕೆ ಇಷ್ಟು ಕಷ್ಟ ಎಂದರೆ, ಮೇಲೆ ಬೇಸಿಗೆಯಲ್ಲಿ ಹಗಲು ಉದ್ದ, ಹುಳ ಹೇರಳ, ಮರಿಗೆ ಊಟ ಸಲೀಸು. ಅಕ್ಟೋಬರ್ ಹೊತ್ತಿಗೆ ನೀರು ಹೆಪ್ಪುಗಟ್ಟತೊಡಗುತ್ತದೆ. ಊಟದ ಮೇಲೆ ಮುಚ್ಚಳ ಬಿದ್ದ ಹಾಗೆ. ಹೊರಡುವ ಮೊದಲು ಹಕ್ಕಿ ಹೊಟ್ಟೆಬಾಕನ ಹಾಗೆ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಗಾಡ್ವಿಟ್‌ಗಳಲ್ಲಿ ಹೊರಡುವ ಹೊತ್ತಿಗೆ ಮೈತೂಕದ ಅರ್ಧದಷ್ಟು ಕೊಬ್ಬೇ ಇರಬಹುದು. ಹಾರುವಾಗ ಭಾರವೆಂದು ಜೀರ್ಣಾಂಗಗಳು ಕುಗ್ಗಿಕೊಳ್ಳುತ್ತವೆ. 2022ರ ಅಕ್ಟೋಬರಿನಲ್ಲಿ ಪಟ್ಟೆಬಾಲದ ಗಾಡ್ವಿಟ್‌ನ ಒಂದು ಎಳೆ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿದ್ದು ಉಪಗ್ರಹದ ಮೂಲಕ ದಾಖಲಾಯಿತು. ಅದು ಬೇರೆ ಹಾರುದಾರಿ, ಆದರೆ ಎಲ್ಲ ಹಾರುದಾರಿಗಳ ಲೆಕ್ಕವೂ ಒಂದೇ: ಇಳಿದಲ್ಲಿ ಊಟ ಇರಲೇಬೇಕು. ಮಾರ್ಚ್-ಏಪ್ರಿಲಿನಲ್ಲಿ ವಾಪಸು ಹೊರಡುವ ಮೊದಲು ಇನ್ನೊಮ್ಮೆ ಅದೇ ಕೊಬ್ಬು ಕೂಡಿಸಬೇಕು. 25-30 ಗ್ರಾಂ ತೂಗುವ, ಅಂದರೆ ಕೋಳಿಮೊಟ್ಟೆಯ ಅರ್ಧ ಭಾರದ ಸ್ಟಿಂಟ್ ಹಕ್ಕಿಗೆ ಇಲ್ಲಿನ ಕೆಸರು ಪೆಟ್ರೋಲ್ ಬಂಕ್ ಇದ್ದ ಹಾಗೆ.

ಚಿಲಿಕಾಕ್ಕೂ ಒಮ್ಮೆ ಆ ಬಂಕ್ ಮುಚ್ಚುವ ಗತಿ ಬಂದಿತ್ತು. ಕಡಲ ಹರಿವು ಮರಳನ್ನು ದಡದ ಉದ್ದಕ್ಕೆ ತಳ್ಳುತ್ತ ಹೋಗಿ ಸರೋವರದ ಬಾಯಿ ದೂರ ದೂರ ಸರಿಯಿತು, ಕಿರಿದಾಯಿತು. ಅಳಿವೆಬಾಗಿಲಿಗೆ ಹೂಳು ತುಂಬಿದರೆ ಏನಾಗುತ್ತದೆ ಎಂದು ಗಂಗೊಳ್ಳಿಯವರಿಗೂ ಸಸಿಹಿತ್ಲಿನವರಿಗೂ ಹೇಳಿಕೊಡಬೇಕಾಗಿಲ್ಲ. ಒಳಗೆ ಉಪ್ಪು ಕಡಿಮೆಯಾಯಿತು, ಸಿಹಿನೀರಿನ ಕಳೆ ಹರಡಿತು, ಮೀನಿನ ಇಳುವರಿ ಬಿತ್ತು, ಹೂಳು ಹೊರಹೋಗದೆ ನಿಂತಿತು. 1981ರಲ್ಲಿ ಭಾರತದ ಮೊದಲ ಎರಡು ರಾಮ್ಸರ್ ತಾಣಗಳಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳಲ್ಲಿ, ಒಂದೆಂದು ಸೇರಿದ್ದ ಸರೋವರ 1993ರಲ್ಲಿ ಹದಗೆಟ್ಟ ಜೌಗುತಾಣಗಳ ಪಟ್ಟಿಗೆ ಹೋಯಿತು. ಕೊನೆಗೆ 2000ದ ಸೆಪ್ಟೆಂಬರ್ 23ರಂದು ಮರಳುದಿಬ್ಬವನ್ನು ಕಡಿದು ಹೊಸ ಬಾಯಿ ತೆರೆದರು. ಕಡಲಿಗೆ ಹೋಗುವ ದಾರಿ ಸುಮಾರು 18 ಕಿ.ಮೀ. ಹತ್ತಿರವಾಯಿತು. ಉಪ್ಪು ಮರಳಿತು, ಮೀನು-ಸಿಗಡಿಯ ಇಳುವರಿ ಒಂದೆರಡು ವರ್ಷದಲ್ಲೇ ಹಲವು ಪಟ್ಟು ಏರಿತು, 2002ರಲ್ಲಿ ಆ ಕೆಟ್ಟ ಪಟ್ಟಿಯಿಂದ ಹೆಸರು ಹೋಯಿತು. ಉಪ್ಪಿನ ಸರೋವರಕ್ಕೆ ಉಪ್ಪೇ ಔಷಧಿಯಾದದ್ದು ನನಗೆ ಇವತ್ತಿಗೂ ಸೋಜಿಗ. ಮಂಗಲಜೋಡಿ ಎಂಬ ಅಲ್ಲಿನ ಊರಿನಲ್ಲಿ ಹಿಂದೆ ಹಕ್ಕಿ ಹಿಡಿದು ಮಾರುತ್ತಿದ್ದವರೇ ಈಗ ಕಾವಲಿಗಿದ್ದಾರೆ, ಪ್ರವಾಸಿಗರಿಗೆ ದೋಣಿ ನಡೆಸುತ್ತಾರೆ. ಮುಂದಿನ ಸಲ ಹೋದರೆ ಸಾತಪಡಾದ ಡಾಲ್ಫಿನ್ ಜೊತೆಗೆ ಅಲ್ಲಿಗೂ ಅರ್ಧ ದಿನ ಇಡಿ.

'ಮಹತ್ವದ ತಾಣ' ಎಂಬ ಮಾತಿಗೆ ಅಳತೆಗೋಲೂ ಇದೆ. 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಆದ ಒಪ್ಪಂದದ ಪ್ರಕಾರ, ಒಂದು ಜಾಗದಲ್ಲಿ ವಾಡಿಕೆಯಾಗಿ 20,000 ನೀರುಹಕ್ಕಿ ಸೇರಿದರೆ, ಅಥವಾ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲು ಅಲ್ಲಿದ್ದರೆ ಅದು ಅಂತರರಾಷ್ಟ್ರೀಯ ಮಹತ್ವದ್ದು. ಇನ್ನೂ ಬೇರೆ ಮಾನದಂಡಗಳಿವೆ, ಮೀನಿನದೂ ಸೇರಿ. 2024ರ ಜನವರಿಯಲ್ಲಿ ಮಾಗಡಿ ಕೆರೆಯ ಜೊತೆಗೆ ನಮ್ಮ ಕರಾವಳಿಯ ಅಘನಾಶಿನಿ ಅಳಿವೆಗೂ ಆ ಪಟ್ಟ ಸಿಕ್ಕಿತು. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಚಿಪ್ಪು ಹೆಕ್ಕುವ ಹೆಂಗಸರು, ಹಕ್ಕಿ ಎಲ್ಲ ಒಂದೇ ಕೆಸರಿನಲ್ಲಿರುವ ಜಾಗ ಅದು. ಉಡುಪಿಯಿಂದ ರೈಲಿನಲ್ಲಿ ಹೋಗಿ ಬರಬಹುದು.

ನಮ್ಮ ಅಳಿವೆಗಳ ಊಟದ ಹೊತ್ತು ಬೇರೆ. ಚಿಲಿಕಾದ ದೊಡ್ಡ ಇಳಿತ ವರ್ಷಕ್ಕೊಮ್ಮೆ. ನಮ್ಮದು ದಿನಕ್ಕೆ ಎರಡು ಸಲ. ಇಲ್ಲಿನ ಹಕ್ಕಿ ಗಡಿಯಾರ ನೋಡಿ ಉಣ್ಣಬೇಕು. ಇಳಿತದ ನಾಲ್ಕೈದು ಗಂಟೆ ಕೆಸರಿನಲ್ಲಿ ಊಟ. ಭರತ ಬಂದಾಗ ಕೆಸರು ಮುಚ್ಚಿಹೋಗುತ್ತದೆ, ಆಗ ಮುಳುಗದ ಮರಳುದಿಣ್ಣೆಯ ಮೇಲೆ ಒತ್ತೊತ್ತಾಗಿ ಒಂಟಿಕಾಲಲ್ಲಿ ನಿಂತು ಕಾಯುತ್ತವೆ. ಆ ದಿಣ್ಣೆಯೂ ಊಟದಷ್ಟೇ ಮುಖ್ಯ ಎಂದು ನನಗೆ ತಿಳಿದದ್ದು ನಾನೇ ತಪ್ಪು ಮಾಡಿ. ಹಲವು ವರ್ಷಗಳ ಹಿಂದೆ ಒಂದು ಅಳಿವೆಯಲ್ಲಿ ಇನ್ನೂರರಷ್ಟು ಪ್ಲೋವರ್‌ಗಳು ಭರತದ ಹೊತ್ತಿಗೆ ಮರಳಿನ ತುದಿಯಲ್ಲಿ ಕೂತಿದ್ದವು. ಫೋಟೋದ ಆಸೆಗೆ ಹತ್ತಿರ ಹತ್ತಿರ ಹೋದೆ. ಎದ್ದವು, ಒಂದು ಸುತ್ತು ಹಾಕಿ ಅಲ್ಲೇ ಕೂತವು. ಮತ್ತೆ ಹೋದೆ. ಮತ್ತೆ ಎದ್ದವು. ಮೂರನೇ ಸಲ ಕೂರಲಿಲ್ಲ. ಹೊಳೆ ದಾಟಿ ಕಾಣೆಯಾದವು. ದಿಣ್ಣೆಯ ಬದಿಯಲ್ಲಿ ಬಲೆ ಕೊಡವುತ್ತಿದ್ದ ಒಬ್ಬ ಅಜ್ಜ "ಉಂಡು ಮಲಗಿದವರನ್ನು ಎಬ್ಬಿಸಿ ಏನು ಸಿಕ್ಕಿತು ಮಾಷ್ಟ್ರೇ?" ಎಂದರು. ಫೋಟೋಗಳೂ ಚೆನ್ನಾಗಿ ಬಂದಿರಲಿಲ್ಲ.

ಈಗ ಅಂಥ ದಿಣ್ಣೆಗಳ ಮೇಲೆ ಜೀಪು ಓಡುತ್ತದೆ, ಊರಿನ ನಾಯಿಗಳು ಅಟ್ಟಾಡಿಸುತ್ತವೆ. ಕೆಸರುಜಾಗ ನಮ್ಮ ಕಡತಗಳಲ್ಲಿ 'ಪಾಳು' ಎಂದಾಗುತ್ತದೆ. ಮಣ್ಣು ತುಂಬಿಸಿ ಎತ್ತರ ಮಾಡಿದರೆ ಅಭಿವೃದ್ಧಿ. ಪಾಳು ಎನ್ನುವವರ ಕೈಗೆ ಒಂದು ಚಹಾ ಜರಡಿ ಕೊಡಬೇಕು ಎನ್ನಿಸುತ್ತದೆ. ಬೀಚಿನಲ್ಲಿ ಕಡಲಕಾಗೆಗಳಿಗೆ ಮಂಡಕ್ಕಿ, ಮಿಕ್ಸ್ಚರ್ ಎರಚುವ ಹೊಸ ಅಭ್ಯಾಸವೂ ನನಗೆ ಹಿಡಿಸುವುದಿಲ್ಲ. ಹೊಟ್ಟೆ ತುಂಬುತ್ತದೆ, ಹಾರುವುದಕ್ಕೆ ಬೇಕಾದ ಕೊಬ್ಬು ಕೂಡುವುದಿಲ್ಲ. ಮಕ್ಕಳಿಗೆ ಖುಷಿಯಾಗುತ್ತದೆ, ಗೊತ್ತು. ಹಕ್ಕಿ ತಾನೇ ಹಿಡಿದು ತಿನ್ನುವುದನ್ನು ತೋರಿಸಿದರೆ ಅದಕ್ಕಿಂತ ಖುಷಿಯಾಗುತ್ತದೆ.

ಹಾಗಾಗಿ ಮಗಳನ್ನು ಕರೆದುಕೊಂಡು ಹೋಗಿ. ನವೆಂಬರಿನಿಂದ ಮಾರ್ಚಿನವರೆಗೆ ಯಾವ ರಜೆಯಾದರೂ ಆಗಬಹುದು. ಹೊತ್ತು ಮಾತ್ರ ಕಡಲಿನದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು, ಕೆಸರೂ ಹೆಚ್ಚು ತೆರೆದಿರುತ್ತದೆ. ಭರತ-ಇಳಿತದ ವೇಳೆ ಮೊಬೈಲಿನಲ್ಲಿ ಸಿಗುತ್ತದೆ. ಮೀನಿಗೆ ಹೋಗುವ ನೆರೆಯವರಿದ್ದರೆ ಅವರನ್ನು ಕೇಳಿ, ಮೊಬೈಲಿಗಿಂತ ಅವರೇ ವಾಸಿ. ಕೋಡಿ ಬೆಂಗ್ರೆಯ ಒಳಮೈ, ಅಂದರೆ ಹೊಳೆಯ ಬದಿ, ಇಳಿತ ಶುರುವಾಗಿ ಒಂದು ಗಂಟೆ ಆದ ಮೇಲೆ. ಸೂರ್ಯ ಬೆನ್ನಿಗಿರಲಿ. ದೋಣಿಯ ಮರೆಯಲ್ಲಿ ಕೂತುಬಿಡಿ, ನಡೆದಾಡಬೇಡಿ. ತಿನ್ನುತ್ತಿದ್ದ ಹಕ್ಕಿಗಳು ಒಟ್ಟಿಗೆ ತಲೆ ಎತ್ತಿದರೆ ನೀವು ಹತ್ತಿರವಾದಿರಿ ಎಂದೇ ಅರ್ಥ. ಎರಡು ಹೆಜ್ಜೆ ಹಿಂದೆ ಬನ್ನಿ.

ಅಲ್ಲಿ ಒಂದು ಹಕ್ಕಿಯನ್ನು ಹುಡುಕಿ ಎಂದು ಮಗಳಿಗೆ ಹೇಳಿ. ಕೋಳಿಯಷ್ಟು ಎತ್ತರ, ಮಾಸಲು ಕಂದು, ಕೊಕ್ಕು ಕೆಳಗೆ ಬಾಗಿದ ಕುಡುಗೋಲು. ಹೆಸರು ವ್ಹಿಂಬ್ರೆಲ್. ಅದು ಏಡಿ ಹಿಡಿಯುವುದನ್ನು ನೋಡಬೇಕು. ಬಿಲದ ಬಾಯಲ್ಲಿ ಕದಲದೆ ನಿಂತು, ಬಾಗಿದ ಕೊಕ್ಕನ್ನು ಬಾಗಿದ ಬಿಲದೊಳಗೆ ಇಳಿಸಿ ಎಳೆಯುತ್ತದೆ. ಏಡಿಯನ್ನು ಕಾಲು ಹಿಡಿದು ಕೊಡವುತ್ತದೆ. ಕಾಲು ಮುರಿಯುತ್ತದೆ, ಮೈ ಬೀಳುತ್ತದೆ, ಹೆಕ್ಕಿ ಮತ್ತೆ ಕೊಡವುತ್ತದೆ. ಕಾಲು, ಕೊಂಬೆಲ್ಲ ಹೋಗಿ ಗುಂಡಾದ ಮೈ ಉಳಿದ ಮೇಲೆ, ಕೆಸರಾಗಿದ್ದರೆ ನೀರಿನ ಅಂಚಿಗೆ ಒಯ್ದು ಅದ್ದಿ ತೊಳೆಯುತ್ತದೆ. ಆಮೇಲೆ ನುಂಗುತ್ತದೆ. ಏಡಿ ಸಾರು ಮಾಡುವ ಮನೆಯ ಮಗಳಾದರೆ ಇದರಲ್ಲಿ ವಿಶೇಷವೇನಿದೆ ಎಂದು ಕೇಳಬಹುದು.

ಜರಡಿ ಮರೆಯಬೇಡಿ. ಒಳ್ಳೆಯ ಚಪ್ಪಲಿ ಬೇಡ. ಒಂದು ಕಾಲಿನದ್ದನ್ನು ಕೆಸರು ಇಟ್ಟುಕೊಳ್ಳುವುದು ಖಂಡಿತ.